ಮುದ್ದಪ್ಪನ ಕಂಬಳಿಗೆ ಎಂಟು ದಿನ ಜೈಲು

“ನಿನ್ನ ಅಳಿಯ ಜೈಲಿಂದ ಬಂದವ್ನೆ, ಅದು ಸರಿ. ಆದ್ರೆ ಒಂದ್ ಕೈಯಾಗೆ ಟೀ ಲೋಟ ಹಿಡ್ಕಂಡ್ರೆ ಇನ್ನೊಂದ್ ಕೈ ಸುಮ್ಕಿರಾಕಿಲ್ಲ ಕಣಣ್ಣ, ಕೆರೀತಾನೇ ಇರ್ತದೆ.”

ಐ.ಡಿ.ಹಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದಲ್ಲಿ ಟೀ ಅಂಗಡಿ ಇಟ್ಟಿರುವ ಪರ್ವತಯ್ಯ ಈ ಮಾತು ಹೇಳಿದ್ದು ಕಾಟಪ್ಪನಿಗೆ. ಹಿಂದಿನ ದಿನ ಯಾವುದೋ ಕೆಲಸಕ್ಕೆಂದು ತಾಲ್ಲೂಕು ಕಚೇರಿಗೆ ಹೋಗಿದ್ದಾಗ, ಕೋರ್ಟಿನ ಮುಂದಿನ ಹೋಟೆಲಿನಲ್ಲಿ ಕಾಟಪ್ಪನ ಅಳಿಯ ಕ್ಯಾತಣ್ಣನನ್ನು ಪರ್ವತಯ್ಯ ಕಂಡಿದ್ದ.

ಕಾಟಪ್ಪನಿಗೆ ಕುಡಿಯುತ್ತಿದ್ದ ಟೀ ಸೇರಲಿಲ್ಲ. ಅವನ ಮಗಳು ಲಕ್ಕಮ್ಮ ಬಾಣಂತನಕ್ಕೆ ಬಂದು ತವರಿನಲ್ಲಿದ್ದಳು. ಹೆಣ್ಣು ಕೂಸು, ಎರಡೂವರೆ ತಿಂಗಳು. ಆ ಕೂಸು ಹುಟ್ಟಿದ ದಿನ ಅದರ ಅಪ್ಪ ಸಬ್‌ಜೈಲಿನ ಒಳಗಿದ್ದ. ಇವತ್ತಿನವರೆಗೂ ಅವನು ಮಗಳ ಮುಖ ನೋಡಿಲ್ಲ. ಬರುವ ಸೋಮವಾರ ತಾಯಿ ಮಗುವನ್ನು ಗಂಡನ ಹಟ್ಟಿಗೆ ಕರೆದುಕೊಂಡು ಹೋಗಿ ಬಿಡುವುದೆಂದು ಮಾತಾಗಿತ್ತು.

“ನೋಡ್ಕಂಡೇ ಬತ್ತೀನಿ,” ಎಂದು ಕಾಟಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಕ್ಯಾತಣ್ಣ ಜೈಲಿಗೆ ಹೋಗಿದ್ದು ಕಳ್ಳತನಕ್ಕಲ್ಲ. ಕೆರೆಯಂಗಳದಲ್ಲಿ ಯಾರ ಕುರಿ ಮೊದಲು ಇಳಿಯಬೇಕು ಎಂಬ ಜಗಳ. ಮಾತಿಗೆ ಮಾತು ಬೆಳೆದು ಕೋಲು ಎದ್ದವು, ಇಬ್ಬರ ತಲೆ ಒಡೆಯಿತು, ಪೊಲೀಸರು ಬಂದರು. ಎಂಬತ್ಮೂರನೇ ಇಸವಿಯ ಸಂಕ್ರಾಂತಿಯ ಆಸುಪಾಸು ಅದು, ಮೈ ನಡುಗಿಸುವ ಚಳಿ. ಜಾಮೀನು ಸಿಗುವ ಹೊತ್ತಿಗೆ ಇಪ್ಪತ್ತೆರಡು ದಿನ ಕಳೆದಿತ್ತು. ಹತ್ತು ಜನ ಮಲಗುವ ಕೋಣೆಯಲ್ಲಿ ಇಪ್ಪತ್ತಾರು ಜನ. ಮಗ ಚಳಿಯಲ್ಲಿ ಸತ್ತುಹೋದಾನು ಎಂದು ಅಪ್ಪ ಮುದ್ದಪ್ಪ ತಾನು ಹೊದೆಯುವ ಕರಿ ಕಂಬಳಿಯನ್ನೇ ತಂದು ಕಂಬಿಯ ಸಂದಿಯಲ್ಲಿ ಒಳಗೆ ತೂರಿಸಿದ್ದ.

ಬಿಡುಗಡೆಯಾಗಿ ಬಂದವನನ್ನು ಹಟ್ಟಿಯವರು ಹಾಗೇ ಒಳಗೆ ಬಿಟ್ಟುಕೊಳ್ಳಲಿಲ್ಲ. ಬೇಲಿಯ ಆಚೆ ಬಾವಿಯ ಹತ್ತಿರ ತಲೆಗೆ ನೀರು ಹುಯ್ದರು. ತೊಟ್ಟಿದ್ದ ಬಟ್ಟೆ ಬಿಚ್ಚಿಸಿ ಸುಟ್ಟರು. ಗಂಜಲ ಚಿಮುಕಿಸಿ, ಅರಿಶಿನದ ನೀರು ಕೊಟ್ಟು, ಒಂದು ದಿನ ಹೊರಗೇ ಉಣ್ಣಲಿಟ್ಟು ಮರುದಿನ ಒಳಗೆ ಕರೆದರು. ಜೈಲಿಂದ ಬಂದವನು ನೇರ ಮಾವನ ಮನೆ ಹೊಸಲು ತುಳಿಯುವುದು ಬೇಡ, ಕೂಸೇ ಇಲ್ಲಿಗೆ ಬರಲಿ ಎಂದೂ ಹಿರಿಯರು ಹೇಳಿದರು.

ಹೀಗೆ ಎಲ್ಲವನ್ನೂ ಹೊರಗೇ ತಡೆದ ಹಟ್ಟಿ ಒಂದನ್ನು ಮಾತ್ರ ತಡೆಯಲಿಲ್ಲ. ಅದು ಮುದ್ದಪ್ಪನ ಕಂಬಳಿ. ಉಣ್ಣೆಗೆ ಮೈಲಿಗೆ ತಾಗುವುದಿಲ್ಲ ಎನ್ನುವುದು ಅವರ ಹಿರಿಯರಿಂದ ಬಂದ ನಡೆ. ದೇವರನ್ನು ಕೂರಿಸುವುದೂ ಕಂಬಳಿಯ ಗದ್ದುಗೆಯ ಮೇಲೆಯೇ. ಅದನ್ನು ಯಾರಾದರೂ ತೊಳೆಯುತ್ತಾರೆಯೇ? ಮುದ್ದಪ್ಪ ಕಂಬಳಿಯನ್ನು ಒಂದು ಸಲ ಝಾಡಿಸಿ, ಅವತ್ತೇ ಹೊದ್ದು ಮಲಗಿದ. ಅದರ ನೂಲು ಅವನ ತಾಯಿ ತೆಗೆದದ್ದು.

ಕ್ಯಾತಣ್ಣನಿಗೆ ಜೈಲಿಂದ ಬರುವಾಗಲೇ ಬೆರಳ ಸಂದಿಯಲ್ಲಿ ನವೆ ಶುರುವಾಗಿತ್ತು. ಮೂರು ವಾರ ಕಳೆಯುತ್ತಲೂ ಮುದ್ದಪ್ಪನಿಗೆ ಬಂತು. ಆಮೇಲೆ ತಾಯಿ ಈರಕ್ಕನಿಗೆ, ತಮ್ಮನಿಗೆ, ತಂಗಿಗೆ.

ಕಾಟಪ್ಪ ಬಂದು ಜಗಲಿಯ ಮೇಲೆ ಕೂತಾಗ ಆ ಮನೆಯ ಐದು ಜನವೂ ಬೀಗರ ಮುಂದೆ ಕೆರೆದುಕೊಳ್ಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದರು. ಕ್ಯಾತಣ್ಣ ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಮುದ್ದಪ್ಪ ಕಂಬಕ್ಕೆ ಒರಗಿ ಮಳೆ ಬೆಳೆ ಮಾತಾಡುತ್ತಲೇ, ಟಗರು ಗೂಟಕ್ಕೆ ಮೈ ಉಜ್ಜುವ ಹಾಗೆ ಮೇಲಕ್ಕೂ ಕೆಳಕ್ಕೂ ಸರಿಯುತ್ತಿದ್ದ. ಈರಕ್ಕ ಸಾರು ನೋಡುತ್ತೇನೆಂದು ಐದು ಸಲ ಒಳಗೆ ಹೋಗಿ ಬಂದಳು.

“ಆ ಸಾರ್ನ ಎಷ್ಟು ಸಲ ನೋಡ್ತೀಯ ಬೀಗಿತ್ತಿ? ಅದುಕ್ಕೂ ನಾಚ್ಕೆ ಆಗ್ತದೆ,” ಎಂದ ಕಾಟಪ್ಪ.

ಈರಕ್ಕನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಮರೆತು ಸೊಂಟ ಕೆರೆದುಕೊಂಡಳು. ಅವಳನ್ನು ಕಂಡು ಮಗಳು, ಮಗಳನ್ನು ಕಂಡು ಕಿರಿ ಮಗ. ಇನ್ನು ತಡೆದು ಪ್ರಯೋಜನವಿಲ್ಲವೆಂದು ಕ್ಯಾತಣ್ಣನೂ ತೊಡೆಯ ಕೆಳಗಿಂದ ಕೈ ತೆಗೆದ. ಸ್ವಲ್ಪ ಹೊತ್ತು ಆ ಜಗಲಿಯ ಮೇಲೆ ಪರಪರ ಸದ್ದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಕಾಟಪ್ಪ ಎದ್ದು ನಿಂತ. “ಬ್ಯಾಸರ ಮಾಡ್ಕಬ್ಯಾಡ ಭಾವ. ಎರಡೂವರೆ ತಿಂಗ್ಳ ಕೂಸು. ಅದ್ರ ಮೈ ಬೆಣ್ಣೆ ಇದ್ದಂಗದೆ. ನಿಮ್ಮನೇಲಿ ಈ ಕೆರ್ತ ನಿಂತಿದ್ ದಿನ ಹೇಳಿ ಕಳ್ಸು, ನಾನೇ ಎತ್ಕಂಬತ್ತೀನಿ. ಅಲ್ಲೀಗಂಟ ಕಳ್ಸಾಕಿಲ್ಲ.”

ಕ್ಯಾತಣ್ಣ ತಲೆ ಎತ್ತಲಿಲ್ಲ. “ಕೂಸು ಯಾರಂಗದೆ ಮಾವ?” ಎಂದು ಮೆಲ್ಲಗೆ ಕೇಳಿದ.

“ನಿನ್ನಂಗೇ. ಮೂಗು ಒಂದ್ ಬುಟ್ಟು,” ಎಂದು ಹೇಳಿ ಕಾಟಪ್ಪ ಹೊರಟುಹೋದ. ಕ್ಯಾತಣ್ಣ ಬಹಳ ಹೊತ್ತು ತನ್ನ ಮೂಗು ಮುಟ್ಟಿಕೊಂಡು ಕೂತಿದ್ದ.

ಆ ಹಟ್ಟಿಗೆ ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದ ನರ್ಸಮ್ಮ ಬರುತ್ತಿದ್ದಳು. ಶಿವರುದ್ರಮ್ಮ ಎಂದು ಹೆಸರು, ಹೊಳವನಹಳ್ಳಿ ಕಡೆಯ ಹೆಣ್ಣುಮಗಳು. ಒಂದು ಕೈಯಲ್ಲಿ ಛತ್ರಿ, ಇನ್ನೊಂದು ಕೈಯಲ್ಲಿ ಔಷಧಿಯ ಚೀಲ, ಬಾಯಿ ತುಂಬ ಮಾತು. ಮುಂದಿನ ವಾರ ಅವಳು ಬಂದಾಗ ಈರಕ್ಕ ತನ್ನ ಎರಡು ಕೈ ಬಿಡಿಸಿ ತೋರಿಸಿದಳು.

ನರ್ಸಮ್ಮ ಎಲ್ಲರ ಬೆರಳ ಸಂದಿ, ಮಣಿಕಟ್ಟು, ಸೊಂಟದ ಸುತ್ತ ನೋಡಿ ಇದು ಕಜ್ಜಿ ಎಂದಳು. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದ ಒಳಗೆ ಬಿಲ ತೋಡಿ ಮೊಟ್ಟೆ ಇಡುತ್ತದೆ, ಅದಕ್ಕೇ ಈ ನವೆ, ರಾತ್ರಿಯಾದರೆ ಹೆಚ್ಚು ಎಂದಳು. ಮೈಗೆ ಮೈ ತಾಗಿಸಿ ಇಕ್ಕಟ್ಟಿನಲ್ಲಿ ಮಲಗುವ ಕಡೆ ಅದು ಬೇಗ ಹಬ್ಬುತ್ತದಂತೆ. ಜೈಲಿನ ಕೋಣೆ ಅದಕ್ಕೆ ಹೇಳಿ ಮಾಡಿಸಿದ ಜಾಗವಂತೆ.

ಮುದ್ದಪ್ಪ ಒಪ್ಪಲಿಲ್ಲ. “ಇವ್ನು ಬಂದಾಗ ನಾವು ಮೈಲಿಗೆ ಕಳ್ದೇ ಒಳೀಕೆ ಬುಟ್ಕಂಡಿದ್ದು ತಾಯಿ. ಅವನ್ ಬಟ್ಟೇನೂ ಸುಟ್ಟಿವಿ. ಜೈಲಿಂದೇ ಆಗಿದ್ರೆ ಬಂದ್ ದಿನವೇ ನಮಗೂ ಹತ್ಬೇಕಿತ್ತಲ್ಲ? ಇಪ್ಪತ್ತು ದಿನ ಬುಟ್ಟು ಹತ್ತೈತೆ. ಇದು ಮನೆದೇವ್ರ ಮುನಿಸು.”

ಹುಳ ಹೊಕ್ಕ ದಿನವೇ ನವೆ ಬರುವುದಿಲ್ಲ, ಮೊದಲ ಸಲವಾದರೆ ಮೂರು ನಾಲ್ಕು ವಾರ ಹಿಡಿಯುತ್ತದೆ ಎಂದು ನರ್ಸಮ್ಮ ಬಿಡಿಸಿ ಹೇಳಿದಳು. ಅಷ್ಟರಲ್ಲಿ ನವೆ ಇಲ್ಲದವನೇ ಹತ್ತು ಜನಕ್ಕೆ ಹಂಚಿರುತ್ತಾನೆ. ದೇವರನ್ನು ಸುಮ್ಮನೆ ಯಾಕೆ ದೂರುವುದು ಎಂದು ನಕ್ಕಳು. ಹಾಲಿನಂತೆ ಬೆಳ್ಳಗಿದ್ದ ಔಷಧಿಯ ದೊಡ್ಡ ಸೀಸೆ ಕೊಟ್ಟು, ಒಂದೇ ದಿನ ಐದು ಜನವೂ ಸ್ನಾನ ಮಾಡಿ ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದು ಬೆರಳಗಲವೂ ಬಿಡದೆ ಹಚ್ಚಬೇಕು, ಮರುದಿನ ಅದರ ಮೇಲೇ ಇನ್ನೊಮ್ಮೆ ಹಚ್ಚಬೇಕು, ಮೂರನೇ ದಿನ ಸ್ನಾನ ಎಂದು ಎರಡೆರಡು ಸಲ ಹೇಳಿಸಿದಳು. ಉಟ್ಟದ್ದು ಹಾಸಿದ್ದು ಹೊದ್ದದ್ದು ಎಲ್ಲವನ್ನೂ ಕುದಿಯುವ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿ ಎಂದಳು.

ಅವರು ಹಾಗೇ ಮಾಡಿದರು. ಸೀರೆ, ಪಂಚೆ, ದುಪ್ಪಟಿ ಎಲ್ಲ ಹಂಡೆಯಲ್ಲಿ ಕುದಿದವು. ಎರಡು ದಿನ ಮನೆಯವರೆಲ್ಲ ಮೈಗೆ ಬಿಳಿ ಬಳಿದುಕೊಂಡು ಓಡಾಡಿದ್ದನ್ನು ಕಂಡು ಹಟ್ಟಿಯ ಮಕ್ಕಳು ಹಿಂದೆ ಹಿಂದೆ ಬಂದವು. ನವೆ ಇಳಿಯಿತು. ಕ್ಯಾತಣ್ಣ ಮಾವನಿಗೆ ಹೇಳಿಕಳಿಸಲು ದಿನ ಎಣಿಸತೊಡಗಿದ.

ಹದಿನೈದು ದಿನವಾಗಿರಲಿಲ್ಲ, ಮುದ್ದಪ್ಪ ಮತ್ತೆ ಕಂಬಕ್ಕೆ ಒರಗಿದ. ಮರುವಾರ ಈರಕ್ಕ. ನರ್ಸಮ್ಮ ಬರುವುದನ್ನೇ ಕಾದಿದ್ದವನಂತೆ ಮುದ್ದಪ್ಪ, “ನಿನ್ ಔಸ್ತಿ ನೀನೇ ಮಡಿಕ್ಕೊ ತಾಯಿ, ನಾನ್ ಅವತ್ತೇ ಹೇಳಿರ್ಲಿಲ್ವ?” ಎಂದ. ಆ ದನಿಯಲ್ಲಿ ಗೆದ್ದ ಖುಷಿಯೂ ಇತ್ತು, ಅಳುವೂ ಇತ್ತು.

ನರ್ಸಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಜಗಲಿಯ ಮೇಲೆ ಕೂತು ಯಾರು ಎಲ್ಲಿ ಮಲಗುತ್ತೀರಿ, ಏನು ಹಾಸುತ್ತೀರಿ, ಏನು ಹೊದೆಯುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಎಲ್ಲರೂ ಹೇಳಿದರು. ಮುದ್ದಪ್ಪನ ಸರದಿ ಬಂದಾಗ ಎಲ್ಲರ ಕಣ್ಣೂ ಗೋಡೆಯ ಗೂಟದ ಕಡೆ ಹೋದವು. ಕರಿ ಕಂಬಳಿ ಅಲ್ಲಿ ತೂಗುತ್ತಿತ್ತು.

“ಅದನ್ನ ಕುದಿಸಿದ್ರಾ ಯಜಮಾನ್ರೇ?”

“ಕಂಬ್ಳೀನ? ಕಂಬ್ಳೀಗೆ ಮೈಲಿಗೆ ಇರ್ತದಾ ಎಲ್ಲಾನ?” ಎಂದ ಮುದ್ದಪ್ಪ. ಅವಳು ಕುರಿಗೆ ಹಲ್ಲು ಉಜ್ಜಿಸಿದಿರಾ ಎಂದು ಕೇಳಿದ ಹಾಗೆ ನೋಡಿದ.

ಅದು ಜೈಲಿನ ಒಳಗೂ ಹೋಗಿತ್ತೇ ಎಂದು ನರ್ಸಮ್ಮ ಕೇಳಿದಳು. ಆಗ ಕ್ಯಾತಣ್ಣ ಬಾಯಿ ಬಿಟ್ಟ. ಆ ಕೋಣೆಯಲ್ಲಿ ಇದ್ದ ಒಳ್ಳೆಯ ಹೊದಿಕೆ ಅದೊಂದೇ. ಒಬ್ಬನೇ ಹೊದೆಯಲು ಮನಸ್ಸು ಬಾರದೆ ಅವನು ಐದು ಜನಕ್ಕೆ ಅಡ್ಡವಾಗಿ ಹೊದಿಸುತ್ತಿದ್ದ. ಪಕ್ಕದಲ್ಲಿ ಪಾವಗಡದ ಕಡೆಯ ದೊಡ್ಡರಂಗಪ್ಪ ಎಂಬುವನು. ಅವನಿಗೆ ವಿಪರೀತ ನವೆ. ಏನಣ್ಣ ಇದು ಎಂದರೆ, “ಏಮೀ ಲೇದಣ್ಣ, ಈಡ ನೀಳ್ಳು ಸರಿ ಇಲ್ಲ ಅಷ್ಟೇ,” ಎಂದು ಅಲ್ಲಿನ ನೀರಿನ ಮೇಲೆ ಹಾಕಿಬಿಡುತ್ತಿದ್ದ. ಕಜ್ಜಿ ಎಂದು ಬಾಯಿಬಿಟ್ಟರೆ ಮೂಲೆಯ ಉಚ್ಚೆ ಗಡಿಗೆ ಪಕ್ಕ ಮಲಗಿಸುತ್ತಾರೆ ಎಂಬ ಹೆದರಿಕೆ ಅವನಿಗೆ. ಇನ್ನೂ ಹತ್ತು ಜನ ಹಾಗೇ ಬಚ್ಚಿಟ್ಟುಕೊಂಡಿದ್ದರು. ಕಾವಲಿನ ವಾರ್ಡರ್ ಕೂಡ ಬೀಗದ ಕೈಗೊಂಚಲಿನಿಂದ ಬೆನ್ನು ಕೆರೆದುಕೊಳ್ಳುತ್ತಿದ್ದ.

“ಮೈಲಿಗೆ ಇಲ್ಲ ಅನ್ನೋದು ನಿಮ್ಮ ನಡೆ, ನಾನು ಬೇಡ ಅನ್ನೋಳಲ್ಲ,” ಎಂದಳು ನರ್ಸಮ್ಮ. “ಆದ್ರೆ ಹುಳಕ್ಕೆ ಮಡಿಯೂ ಗೊತ್ತಿಲ್ಲ, ಮೈಲಿಗೆಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಮೈಯ ಬಿಸಿ ಒಂದೇ. ನಿಮ್ಮ ಕೈ ಕೊಡಿ ಇಲ್ಲಿ.”

ಅವಳು ಚೀಲದಿಂದ ಪೆನ್ನು ತೆಗೆದಳು. ಮುದ್ದಪ್ಪನ ಬೆರಳ ಸಂದಿಗೆ ನೀಲಿ ಇಂಕು ಸವರಿ, ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮೇಲಿನ ಇಂಕೆಲ್ಲ ಹೋಯಿತು. ಒಂದು ಕಡೆ ಮಾತ್ರ, ನೂಲಿನ ಎಳೆಯಷ್ಟು ಸಣ್ಣ ಗೆರೆಯೊಂದು ಸೊಟ್ಟಸೊಟ್ಟಗೆ ನೀಲಿಯಾಗಿ ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಚರ್ಮದ ಒಳಗಿತ್ತು.

“ಇದೇ ಅದ್ರ ಬಿಲ,” ಎಂದಳು.

ಮುದ್ದಪ್ಪ ಕೈಯನ್ನು ಬಿಸಿಲಿಗೆ ಹಿಡಿದು ನೋಡಿದ. ಹತ್ತಿರ ತಂದ, ದೂರ ಹಿಡಿದ. ಕುರಿಯ ಕಾಲಲ್ಲಿ ಮುಳ್ಳು ಹುಡುಕುವ ಕಣ್ಣು ಅವನದು. ಈ ಕಣ್ಣಿಗೆ ಇಷ್ಟು ದಿನ ಇದು ಕಂಡಿರಲಿಲ್ಲ.

“ಕೂಸು ಬಂದ್ರೆ ಯಾವ್ದರ ಮೇಲೆ ಮಲಗಿಸ್ತೀರ?” ಎಂದು ನರ್ಸಮ್ಮ ಕೇಳಿದಳು.

ಆ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲ ಸಲ ಮಲಗಿದ್ದು ಅದೇ ಕಂಬಳಿಯ ಮೇಲೆ. ಮುದ್ದಪ್ಪ ಗೂಟದ ಹತ್ತಿರ ಹೋಗಿ ಕಂಬಳಿಯ ಅಂಚು ಹಿಡಿದು, “ಕುದಿಸಿದ್ರೆ ಕಂಬ್ಳಿ ಮುದುರಿ ಗಂಟಾಗೋಯ್ತದೆ ತಾಯಿ. ಅವ್ವ ನೂತಿದ್ದು,” ಎಂದ. ಈ ಸಲ ದನಿಯಲ್ಲಿ ಜಗಳವಿರಲಿಲ್ಲ.

ಕುದಿಸುವುದೇನೂ ಬೇಡ ಎಂದಳು ನರ್ಸಮ್ಮ. ಮನುಷ್ಯರ ಮೈ ಸಿಗದಿದ್ದರೆ ಈ ಹುಳ ಮೂರು ನಾಲ್ಕು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಕಂಬಳಿಯನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ಮರಕ್ಕೆ ತೂಗುಹಾಕಿ, ಎಂಟು ದಿನ ಯಾರೂ ಮುಟ್ಟಬೇಡಿ, ಆಮೇಲೆ ಬಿಸಿಲಿಗೆ ಒಣಹಾಕಿ ಎಂದಳು. ಚೀಲ ಕಟ್ಟಿದ ದಿನವೇ ಐದು ಜನವೂ ಮತ್ತೆ ಔಷಧಿ ಹಚ್ಚಬೇಕು. ಔಷಧಿ ಮುಗಿದ ಮೇಲೂ ಎರಡು ವಾರ ಸಣ್ಣಗೆ ನವೆ ಇರಬಹುದು, ಅದಕ್ಕೆ ಹೆದರಬೇಡಿ, ಹೆದರಿ ಮತ್ತೆ ಮತ್ತೆ ಔಷಧಿ ಬಳಿಯಲೂ ಬೇಡಿ ಎಂದು ಮೊದಲೇ ಎಚ್ಚರಿಸಿದಳು.

ಮುದ್ದಪ್ಪ ತಾನೇ ಕಂಬಳಿಯನ್ನು ಮಡಿಸಿ ಗೋಣಿಗೆ ಹಾಕಿ, ಹುಣಸೆಮರದ ಕೊಂಬೆಗೆ ಕಟ್ಟಿದ. ಇಳಿದು ಬಂದು, “ಮಗ್ನಿಗೆ ಜಾಮೀನಾಯ್ತು. ಈಗ ಕಂಬ್ಳೀಗೆ ಎಂಟು ದಿನ ಜೈಲು,” ಎಂದ. ಆ ದಿನದಿಂದ ಅವನು ದಿನಕ್ಕೊಂದು ಸಲ ಮರದ ಕೆಳಗೆ ಹೋಗಿ ಮೇಲೆ ನೋಡಿ ಬರುತ್ತಿದ್ದ. ಕೈದಿಯನ್ನು ಮಾತಾಡಿಸಲು ಹೋಗಿದ್ದಾನೆ ಎಂದು ಈರಕ್ಕ ಅಕ್ಕಪಕ್ಕದವರಿಗೆ ಹೇಳಿ ನಗುತ್ತಿದ್ದಳು.

ಹೊರಡುವ ಮುಂಚೆ ನರ್ಸಮ್ಮ ಕ್ಯಾತಣ್ಣನನ್ನು ಪಕ್ಕಕ್ಕೆ ಕರೆದಳು. “ಇಲ್ಲಿ ಆಯ್ತಪ್ಪ. ಅಲ್ಲಿರೋರ ಗತಿ?” ಎಂದಳು.

ಆ ಬಾಗಿಲಿಗೆ ಇನ್ನೊಂದು ಸಲ ಹೋಗಬಾರದೆಂದು ಕ್ಯಾತಣ್ಣ ದೇವರ ಮುಂದೆ ಆಣೆ ಇಟ್ಟಿದ್ದ. ಅದನ್ನೇ ಹೇಳಿದ. ಅವಳು ಒತ್ತಾಯ ಮಾಡಲಿಲ್ಲ. ಜೈಲಿನ ಗೋಡೆ ಮನುಷ್ಯರನ್ನು ತಡೆಯುತ್ತದೆ, ರೋಗವನ್ನು ತಡೆಯುವುದಿಲ್ಲ ಎಂದಳು. ವಾರ್ಡರ್ ದಿನಾ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳುತ್ತಾನೆ. ಬಿಡುಗಡೆಯಾದವರು ಶಿರಾಕ್ಕೂ ಪಾವಗಡಕ್ಕೂ ಕೊರಟಗೆರೆಗೂ ಬಸ್ಸು ಹತ್ತುತ್ತಾರೆ. ಅಲ್ಲೂ ಇದೇ ಕ್ರಮ, ಎಲ್ಲರಿಗೂ ಒಂದೇ ದಿನ. ಇಷ್ಟು ಹೇಳಿ, ಜೈಲಿಗೆ ಬರುವ ಸರ್ಕಾರಿ ಡಾಕ್ಟರಿಗೆಂದು ಒಂದು ಚೀಟಿ ಬರೆದು ಅವನ ಕೈಗಿತ್ತಳು.

ಐದನೇ ದಿನ ಕ್ಯಾತಣ್ಣನಿಗೆ ಕೋರ್ಟಿನ ವಾಯಿದೆ ಇತ್ತು. ಮುಗಿದ ಮೇಲೆ ಬಸ್ಸಿನ ಕಡೆ ಹೊರಟ ಕಾಲು ಅರ್ಧ ದಾರಿಯಲ್ಲಿ ನಿಂತಿತು. ಆಣೆ ಇಟ್ಟದ್ದು ಒಳಗೆ ಹೋಗುವುದಿಲ್ಲ ಎಂದು, ಬಾಗಿಲಲ್ಲಿ ನಿಂತರೆ ದೋಷವಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಸಬ್‌ಜೈಲಿನ ಬಾಗಿಲಿಗೆ ಹೋದ. ವಾರ್ಡರ್ ಅವನನ್ನು ಗುರುತಿಸಿ, “ಏನ್ಲಾ, ಮನೆ ಊಟ ಸೇರ್ಲಿಲ್ವ?” ಎಂದ.

“ನಿಮ್ ಬೆನ್ನು ಹೆಂಗೈತೆ ಸಾರ್?” ಎಂದು ಕ್ಯಾತಣ್ಣ ಚೀಟಿ ಕೊಟ್ಟ. “ಮನೇಲಿ ಮಕ್ಳೂ ಕೆರ್ಕೊಂತಾವಾ?”

ವಾರ್ಡರ್ ಮುಖದ ನಗು ಹೋಯಿತು. ಚೀಟಿಯನ್ನು ಎರಡು ಸಲ ಓದಿದ. ಆಮೇಲೆ ಒಳಗೆ ಬಂದು ಕೂತುಕೋ ಎಂದ. ಕ್ಯಾತಣ್ಣ ಇಲ್ಲೇ ಚೆನ್ನಾಗಿದೆ ಸಾರ್ ಎಂದ.

ಕಂಬಳಿ ಎಂಟು ದಿನ ಮುಗಿಸಿ ಬಿಡುಗಡೆಯಾಯಿತು. ಬೇಲಿಯ ಮೇಲೆ ಎರಡು ದಿನ ಬಿಸಿಲು ಕಾಯಿತು. ಮನೆಯವರ ನವೆ ದಿನದಿಂದ ದಿನಕ್ಕೆ ಇಳಿದು ನಿಂತೇಹೋಯಿತು. ಈ ನಡುವೆ ಒಂದು ದಿನ ಪರ್ವತಯ್ಯನ ಅಂಗಡಿಯಲ್ಲಿ, ಬಸ್ಸು ಬದಲಾಯಿಸಲು ಇಳಿದವನೊಬ್ಬ ಟೀ ಕೇಳಿದನಂತೆ. ಜಾಮೀನು ಸಿಕ್ಕಿ ಊರಿಗೆ ಹೊರಟಿದ್ದ ದೊಡ್ಡರಂಗಪ್ಪ. ಎರಡು ಕೈಯಲ್ಲೂ ಲೋಟ ಹಿಡಿದು ನೆಮ್ಮದಿಯಾಗಿ ಕುಡಿಯುತ್ತ ಜೈಲಿನ ಸುದ್ದಿ ಹೇಳಿದನಂತೆ. ಪರ್ವತಯ್ಯ ಅದನ್ನು ಅವನ ದನಿಯಲ್ಲೇ ಕಾಟಪ್ಪನಿಗೆ ಒಪ್ಪಿಸಿದ.

“‘ಅಂದರ್ನೂ, ಎಲ್ರನ್ನೂ ಸಾಲಾಗಿ ನಿಲ್ಸಿ ಗ್ವಾಡೆಗೆ ಸುಣ್ಣ ಹೊಡ್ದಂಗೆ ಔಸ್ತಿ ಹೊಡುದ್ರಣ್ಣಾ. ವಾರ್ಡರ್ ಸಾರುನೂ ಬುಡ್ಲಿಲ್ಲ. ಚಾಪೆ ದುಪ್ಪಟಿ ಎಲ್ಲಾ ಬಿಸ್ಲಿಗೆ. ಆ ಕಂಬ್ಳಿ ಕ್ಯಾತಣ್ಣ ಚೀಟಿ ತಂದನಂತೆ,’ ಅಂದ ಕಣಣ್ಣ. ನಿನ್ನ ಅಳೀನೇ ಅಲ್ವಾ?”

ಕಾಟಪ್ಪ ಅವತ್ತು ಎರಡು ಟೀ ಕುಡಿದ.

ಮುಂದಿನ ಸೋಮವಾರ ಅವನು ಮಗಳನ್ನೂ ಕೂಸನ್ನೂ ಕರೆದುಕೊಂಡು ಹಟ್ಟಿಗೆ ಬಂದ. ಜಗಲಿ ಹತ್ತುವ ಮುಂಚೆ ಒಬ್ಬೊಬ್ಬರ ಬೆರಳ ಸಂದಿಯನ್ನೂ ನೋಡಿದ. ಮುದ್ದಪ್ಪ ಬೇಕೆಂದೇ ಕಂಬದಿಂದ ಮಾರು ದೂರ ನಿಂತಿದ್ದ. ಲಕ್ಕಮ್ಮ ಕೂಸನ್ನು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಎತ್ತಿಕೊಳ್ಳುವ ಮೊದಲು ಎರಡು ಕೈಯನ್ನೂ ಪಂಚೆಗೆ ಒರೆಸಿಕೊಂಡ. ಮಾವ ಹೇಳಿದ್ದು ನಿಜ, ಮೂಗು ಮಾತ್ರ ಲಕ್ಕಮ್ಮನದು.

“ಕೆರೆಯಂಗ್ಳದ ಕಡೆ ಇನ್ನೊಂದ್ ಸಲ ಕೋಲು ಎತ್ತಿದ್ರೆ ನಾನೇ ಒಳೀಕ್ ಹಾಕುಸ್ತೀನಿ ನಿನ್ನ,” ಎಂದಳು ಲಕ್ಕಮ್ಮ, ಕಣ್ಣು ಒರೆಸಿಕೊಳ್ಳುತ್ತ.

“ಎತ್ತಾಕೆ ಕೈ ಎಲ್ಲೈತೆ ಈಗ?” ಎಂದ ಕ್ಯಾತಣ್ಣ. ಅವನ ಎರಡೂ ಕೈ ತುಂಬಿದ್ದವು.

ಅಕ್ಕ, ಅಣ್ಣ, ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ನಿಮಗೊಂದು ಮಾತು. ನಿಮ್ಮ ಮನೆಯವರೋ ನೆಂಟರೋ ಜೈಲಿಂದ ಬಂದರೆ ಅವರನ್ನು ದೂರ ತಳ್ಳಬೇಡಿ, ನಾಚಿ ಬಚ್ಚಿಡಲೂ ಬೇಡಿ. ಮೈ ನವೆ ಇದೆಯೇ, ಮೂರು ವಾರ ಬಿಡದ ಕೆಮ್ಮು ಇದೆಯೇ ಎಂದು ಕೇಳಿ, ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಜ್ಜಿಯಾದರೆ ನವೆ ಇದ್ದವರು ಇಲ್ಲದವರು ಎನ್ನದೆ ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿ. ಹಾಲುಗೂಸಿಗೆ ಮಾತ್ರ ಡಾಕ್ಟರನ್ನು ಕೇಳದೆ ಹಚ್ಚಬೇಡಿ. ಕುದಿಸಲಾಗುವುದನ್ನು ಕುದಿಸಿ, ಆಗದ್ದನ್ನು ಎಂಟು ದಿನ ಕಟ್ಟಿಡಿ. ಜೈಲಿನ ಒಳಗೆ ಇನ್ನೂ ಯಾರಾದರೂ ಉಳಿದಿದ್ದರೆ ಅಲ್ಲಿನ ಡಾಕ್ಟರಿಗೆ ಒಂದು ಮಾತು ತಿಳಿಸಿ. ಒಳಗಿರುವವರೂ ಯಾರದೋ ಮನೆಯ ಮಕ್ಕಳು, ನಾಳೆ ಅವರೂ ಬಸ್ಸು ಹತ್ತಿ ನಮ್ಮ ಪಕ್ಕದಲ್ಲೇ ಕೂರುತ್ತಾರೆ.

ಅವತ್ತು ಹಟ್ಟಿಯಲ್ಲಿ ಮುದ್ದಪ್ಪ ಕಂಬಳಿ ಹಾಸಿದ. ಮೊಮ್ಮಗಳನ್ನು ಅದರ ನಡುವೆ ಮಲಗಿಸಿದರು. ಅವಳು ಕಾಲು ಝಾಡಿಸಿ, ಸೂರು ನೋಡಿ, ಎಲ್ಲರೂ ಬಗ್ಗಿ ನೋಡುತ್ತಿರುವಾಗಲೇ ಉಚ್ಚೆ ಹುಯ್ದಳು. ಎಲ್ಲರೂ ಮುದ್ದಪ್ಪನ ಮುಖ ನೋಡಿದರು. ಅವನು ಕೂಸನ್ನು ಎತ್ತಿ ಮಗನ ಕೈಗೆ ಕೊಟ್ಟು, ಕಂಬಳಿಯನ್ನು ತಾನೇ ಬಾವಿಯ ಹತ್ತಿರ ಒಯ್ದು, ಎರಡು ಕೊಡ ನೀರು ಹುಯ್ದು ಹಿಂಡಿ, ಬಿಸಿಲು ಬೀಳುವ ಕಡೆಯ ಬೇಲಿ ನೋಡಿ ಹರವಿ ಬಂದ.